ನಾಲ್ಕು ಬೆರಳಗಲ

ಬೆಟಗೇರಿಯ ನಮ್ಮ ಹೈಸ್ಕೂಲಿನ ಪತ್ರಿಕೆಯ ಅಗಲ
ಕೂಡಿಸಿ ಹಿಡಿದ ನಾಲ್ಕು ಬೆರಳು. ಉದ್ದ, ಸಿಕ್ಕಷ್ಟು.
ಮಾಬೂಬಿ ನದಾಫಳ ಅಪ್ಪ ಗದಗಿನ ಛಾಪಖಾನೆಯೊಳಗ
ಕಟಿಂಗ್ ಮಷೀನಿಗೆ ನಿಲ್ಲತಿದ್ದ;
ಸಂಜೀಕ ಸೈಕಲ್ ಕ್ಯಾರಿಯರಿಗೆ ಕಟಗೊಂಡು ಬರತಿದ್ದ
ಲಗ್ನಪತ್ರಿಕೆ, ಕ್ಯಾಲೆಂಡರು, ಬಿಲ್ ಬುಕ್ಕಿನ ಉಳಿದ ಅಂಚು.
ಹೆಸರೂ ಅದನ್ನ ಇಟ್ಟಳು: ಅಂಚು.
ಪ್ರತಿ ಶುಕ್ರವಾರ ನೀರಿನ ಟಾಕಿ ಬಾಜೂಕಿನ ಗ್ವಾಡಿಗೆ
ಗಂಜಿ ಸವರಿ ಅಂಟಸತಿದ್ದಳು.
ಗಂಜಿ ನಮ್ಮನಿಯದು, ಹಾಸು ನೂಲಿಗೆ ಹಚ್ಚೂದು.
ಅಷ್ಟು ಗೆಳೆತನ.

ಜುಲೈದಾಗ ಸಾಲಿ ಸಂಸತ್ತಿನ ಇಲೆಕ್ಷನ್.
ಬಿಸ್ಕೀಟ ಡಬ್ಬಿಗೆ ಸೀಳು, ಸ್ಟ್ಯಾಂಪ್ ಪ್ಯಾಡಿನ ನೇರಳೆ ಮಸಿ,
ನನ್ನ ಗುರುತು ಕೀಲಿಕೈ.
ಯಾಕಂದ್ರ ಹುಡುಗ್ಯಾರ ಪಾಯಖಾನಿ ಕೀಲಿಕೈ
ಸೂಡಿ ಸರ್ ಕುರ್ಚಿ ಹಿಂದಿನ ಮೊಳಿಗೆ ಇರತಿತ್ತು.
ಪ್ರತಿ ಸಲ ಒಳಗ ಹೋಗಿ, ನೆಲ ನೋಡಿ, ‘ಸರ್’ ಅಂದು,
ಅವರು ಫೋನಿನ್ಯಾಗಿದ್ರ ಮುಗಿಯೂತನಕ ನಿಂತು…
ಗೆದ್ದರ ಆ ಮೊಳೀನ ಕೀಳತೇನಿ ಅಂದಿದ್ದೆ.
ಇನ್ನೂರಾ ಹನ್ನೊಂದು ಓಟು.
‘ಪ್ರಧಾನಿ ಸರೋಜಾ ಬಾಕಳೆ’, ಅಂಚಿನ ತುಂಬ ಇಳಿಬರಹ,
ಒಂದೊಂದು ಅಕ್ಷರಕ್ಕ ಒಂದೊಂದು ಸಾಲು,
ಅಗಲ ಸಾಲದ್ದಕ್ಕ.

ಸರ್ ನಕ್ಕೋತ ಕೀಲಿಕೈ ನನ್ನ ಕೈಯಾಗ ಇಟ್ಟರು:
‘ನಿಮ್ಮ ಸರ್ಕಾರ, ನೀವ ನೋಡ್ಕೊಳ್ರಿ.’
ಕೆಂಪು ರಿಬ್ಬನ್ನಿಗೆ ಪೋಣಿಸಿ ಕೊಳ್ಳಾಗ ಹಾಕ್ಕೊಂಡೆ.
ಚಂದ ಕಾಣತಿತ್ತು, ಸುಳ್ಳ ಯಾಕ ಹೇಳಲಿ.
ಯಾರು, ಯಾವ ಕ್ಲಾಸು, ಈಗರ ಹೋಗಿದ್ದೆಲ್ಲ, ಮತ್ತ್ಯಾಕ?
ಈ ಪ್ರಶ್ನೆ ಸೂಡಿ ಸರ್ ಎಂದೂ ಕೇಳಿದ್ದಿಲ್ಲ.
ನನಗ ಓಟು ಹಾಕಿರಲಿಕ್ಕಿಲ್ಲ ಅನಿಸಿದ
ಒಂಬತ್ತನೇ ಬಿ ಹುಡುಗ್ಯಾರಿಗೆ:
‘ಗಂಟಿ ಹೊಡೀಲಿ, ತಡೀರಿ.’

ಮುಂದಿನ ಶುಕ್ರವಾರ ಅಂಚಿನ್ಯಾಗ ಮೂರ ಸಾಲು:
‘ಕೀಲಿಕೈ ಮೊದಲು ಮೊಳೆಯಲ್ಲಿತ್ತು.
ಈಗ ಪ್ರಧಾನಿಯವರ ರಿಬ್ಬನ್ನಿನಲ್ಲಿದೆ.
ಪಾಳಿ ಮೊದಲಿನಷ್ಟೇ ಉದ್ದ.’

ಸೋಮವಾರ ತುರ್ತು ಅಧಿವೇಶನ ಕರೆದೆ. ಠರಾವು ಒಂದು:
ಇನ್ನು ಮುಂದ ಅಂಚು ಅಂಟಿಸೂಕಿಂತ ಮೊದಲ ಪ್ರಧಾನಿಗೆ ತೋರಿಸಬೇಕು.
ಕ್ರೀಡಾಮಂತ್ರಿ ಕೈ ಎತ್ತಿದ. ಸ್ವಚ್ಛತಾಮಂತ್ರಿ ಎತ್ತಿದ.
ಆಹಾರಮಂತ್ರಿ, ಬಿಸಿಯೂಟದ ಅಗಳು ಇನ್ನೂ ಬೆರಳಿಗೆ ಹತ್ತಿದ ಕೈ.
ಕಾನೂನುಮಂತ್ರಿ ಯಾಕ ಅಂತ ಕೇಳಿ, ಉತ್ತರ ಬರೂಕಿಂತ ಮೊದಲ ಎತ್ತಿದ.
ಕೈ ಎತ್ತೂದಕ್ಕ ನಮ್ಮಲ್ಲೆ ಎರಡು ಅರ್ಥ.

ಮಾಬೂಬಿ ಜಗಳಾಡಲಿಲ್ಲ.
ಗಂಜಿ ಕೇಳಲಿಕ್ಕೂ ಬರಲಿಲ್ಲ, ಮೈದಾಹಿಟ್ಟು ಕಾಸಿಕೊಂಡಳಂತ.
ಒಂದು ಖಾಲಿ ಪಟ್ಟಿ ತಂದು ನನ್ನ ಡೆಸ್ಕಿನ ಮ್ಯಾಲೆ ಇಟ್ಟಳು.
‘ಏನರೆ ತಪ್ಪ ಬರದಿದ್ರ ಹೇಳ. ತಿದ್ದಿ ಹಾಕತೇನಿ.
ಜಾಗಾ ಇಷ್ಟ ಅದ.’
ಪೆನ್ನಿನ ಟೊಪಿಗಿ ಕಚ್ಚಿಕೋತ ಎರಡು ಪಿರಿಯಡ್ ಕೂತೆ.
ಹೊಳ್ಳಿಸಿ ನೋಡಿದೆ: ಯಾರದೋ ಲಗ್ನ,
‘ತಾವೆಲ್ಲರೂ ಸಕುಟುಂಬ ಸಪರಿವಾ’
ಅಲ್ಲಿಗೆ ಬ್ಲೇಡು ಬಿದ್ದಿತ್ತು.

ಸೆಪ್ಟೆಂಬರದಾಗ ಮಳಿ ಹಿಡೀತು. ಕೀಲಿ ಜಂಗ ತಿಂತು.
ಸಿಪಾಯಿ ಯಮನೂರಪ್ಪ ಕಲ್ಲಿಲೆ ಎರಡು ಏಟು ಹಾಕಿ ಕಳಚಿ ಒಗದ.
ಹೊಸಾದಕ್ಕ ಯಾರೂ ರೊಕ್ಕ ಕೊಡಲಿಲ್ಲ.
ಒಳಗಿನ ಚಿಲಕ ಸಾಕಾತು.
ಠರಾವಿನ ಪ್ರಕಾರ ಸುದ್ದಿ ಮೊದಲ ನನಗ ತೋರಿಸಿದಳು:
‘ಶೌಚಾಲಯದ ಕೀಲಿ ತುಕ್ಕು ಹಿಡಿದು ಮುರಿಯಿತು.
ಸಂಸತ್ತಿಗೂ ಇದಕ್ಕೂ ಸಂಬಂಧವಿಲ್ಲ.’
ಪಾಸ್ ಮಾಡಿದೆ.
ಆಮ್ಯಾಲೆ ಟಾಕಿ ಹಿಂದ ನಿಂತು ನಕ್ಕೆ, ಒಬ್ಬಾಕಿನ.

ಆ ಪಟ್ಟಿ ನನ್ನ ಹತ್ರನ ಉಳೀತು.
ರೇಷನ್ ಕಾರ್ಡಿನ ಪ್ಲಾಸ್ಟಿಕ್ಕಿನ್ಯಾಗ, ಮಡಿಕಿ ಇರೂವಲ್ಲಿ ಹರದದ.
ನನ್ನ ಮಗಳು ಈಗ ಒಂಬತ್ತನೇತ್ತಾ. ಮುಂಜಾನೆ ಬಾಟ್ಲಿ ತುಂಬಿ ಕೊಟ್ಟರ
ಸಂಜೀಕ ತುಂಬಿದ್ದ ತುಂಬಿದ್ದಂಗ ತರತಾಳ.
ಮಾಬೂಬಿ, ಎಲ್ಲಿದ್ದೀಯೋ.
ಬರದೇನಿ. ಜಾಗಾ ಇದ್ರ ಹಾಕು.

ತಿದ್ದುಪಡಿ:
ಪಾಳಿ ಮೊದಲಿನಷ್ಟೇ ಉದ್ದ ಇರಲಿಲ್ಲ.
ಗಿಡ್ಡಾಗಿತ್ತು.
ಒಂಬತ್ತನೇ ಬಿ ವರ್ಗದ ಆರು ಹುಡುಗಿಯರು
ಶಾಲೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಿದ್ದರು.
ಪ್ರಧಾನಿಗೆ ಗೊತ್ತಿತ್ತು.